ಪಿಯಾನೋದೊಳಗೆ ಸುಟ್ಟ ಹಂಚು

ಹಂಚನ್ನು ಕಣ್ಣಿನಿಂದ ನೋಡುವುದಲ್ಲ, ಕಿವಿಯಿಂದ ನೋಡುವುದು ಎಂದು ನನಗೆ ಕಲಿಸಿದವರು ಚಿಕ್ಕಿ. ನನಗೆ ಅವರು ಚಿಕ್ಕಮ್ಮನೂ ಅಲ್ಲ, ದೂರದ ನೆಂಟರೂ ಅಲ್ಲ. ಕುಂದಾಪುರದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಚಿಕ್ಕಿ ಎಂದೇ ಕರೆಯುತ್ತಿದ್ದರು. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಭಟ್ಟಿಯ ಮೇಸ್ತ್ರಿ ಕೂಡ.

1997ರ ದೀಪಾವಳಿ ಕಳೆದ ಮೇಲೆ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಭಟ್ಟಿಯಿಂದ ತೆಗೆದ ಹಂಚುಗಳನ್ನು ತಟ್ಟಿ ನೋಡಿ ಬೇರ್ಪಡಿಸುವುದು ನಮ್ಮ ಕೆಲಸ. ಸಾಲಾಗಿ ಮಣೆ ಹಾಕಿಕೊಂಡು ಹತ್ತು ಹನ್ನೆರಡು ಹೆಂಗಸರು ಕೂರುತ್ತಿದ್ದೆವು. ಇನ್ನೂ ಬೆಚ್ಚಗಿರುವ ಹಂಚನ್ನು ಎಡಗೈಯಲ್ಲಿ ತುದಿ ಹಿಡಿದು ಎತ್ತಬೇಕು, ಬಲಗೈಯಿಂದ ನಡುವೆ ಒಮ್ಮೆ ತಟ್ಟಬೇಕು. ಗಟ್ಟಿ ಹಂಚಾದರೆ ‘ಟಣ್’ ಎನ್ನುತ್ತದೆ. ಅದು ಒಂದನೇ ನಂಬರು, ಮುಂದಿನ ಸಾಲಿಗೆ ಇಡುವುದು. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕಿದ್ದರೂ ಸ್ವರ ‘ಡಸ್’ ಎಂದು ಒಳಗೇ ಕೂತುಬಿಡುತ್ತದೆ. ಅದು ಎರಡನೇ ನಂಬರು, ಎಡಗೈ ಬೀಸಿ ಎಡಕ್ಕಿರುವ ರಾಶಿಗೆ ಎಸೆಯುವುದು. ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಹಿಂದಿನವರ ಬುಟ್ಟಿ ನಿಲ್ಲುತ್ತದೆ.

ನಾವೆಲ್ಲ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದೆವು. ಚಿಕ್ಕಿ ಮಾತ್ರ ತಮ್ಮ ನಡುಬೆರಳಿನ ತಾಮ್ರದ ಉಂಗುರದಿಂದ ತಟ್ಟುತ್ತಿದ್ದರು. ಉಂಗುರದ ಒಂದು ಬದಿ ಸವೆದು ಸವೆದು ಎಲೆಯಷ್ಟು ತೆಳ್ಳಗಾಗಿತ್ತು. ನನ್ನ ಕಿವಿಗೆ ಗೊತ್ತಾಗುತ್ತಿದ್ದದ್ದು ಎರಡೇ: ಗಟ್ಟಿಯೋ, ಒಡಕೋ. ಅವರ ಕಿವಿಯ ಸಂಗತಿಯೇ ಬೇರೆ. ಒಂದು ಹಂಚು ತಟ್ಟಿ, “ಇದ್ ಭಟ್ಟಿ ಬಾಯಿ ಬದಿದ್. ಇದ್ಕೆ ಗಾಳಿ ತಾಗಿತ್” ಎನ್ನುತ್ತಿದ್ದರು. ಮೇಸ್ತ್ರಿಗೆ ಮೊದಮೊದಲು ನಂಬಿಕೆ ಇರಲಿಲ್ಲವಂತೆ. ಒಮ್ಮೆ ಹಂಚಿನ ಹಿಂಬದಿಗೆ ಸುಣ್ಣದ ಗುರುತು ಹಾಕಿ ಭಟ್ಟಿಯ ಬೇರೆ ಬೇರೆ ಕಡೆ ಇಟ್ಟು, ಸುಟ್ಟ ಮೇಲೆ ಅವರ ಮುಂದೆ ತಂದು ಸುರಿದನಂತೆ. ಆಮೇಲೆ ಅವನೂ ಚಿಕ್ಕಿ ಎಂದು ಕರೆಯತೊಡಗಿದ್ದು.

ಕೆಲವು ವರ್ಷ ಕಳೆದು ಕಾರ್ಖಾನೆ ಮುಚ್ಚಿತು. ಜನ ಮನೆಗೆ ತಾರಸಿ ಹಾಕಿಸತೊಡಗಿದ್ದರು, ಮಣ್ಣೂ ಸಿಗುತ್ತಿರಲಿಲ್ಲ. ಕೊನೆಯ ದಿನ ಯಾರೋ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಆ ಸದ್ದನ್ನು ತೆಗೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ದಿನವಿಡೀ ಕಿವಿಯಲ್ಲೇ ಇರುವುದನ್ನು ಯಾರಾದರೂ ತೆಗೆದಿಡುತ್ತಾರೆಯೇ?

ನಾನು ಆಮೇಲೆ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಗೆ ಸೇರಿಕೊಂಡೆ. ಗೋಡೆಯ ಕ್ಯಾಲೆಂಡರಿನ ಚೌಕಗಳೊಳಗೆ ಆಯಾ ದಿನದ ಒಂದೊಂದು ಮಾತು ಬರೆದಿಡುವ ಅಭ್ಯಾಸ ನನ್ನದು. ಹಾಲಿನವನು ಬರಲಿಲ್ಲ, ಬಾವಿಗೆ ಹಗ್ಗ ಹೊಸತು, ಬಂಗಡೆ ಮೀನು ಚೆನ್ನಾಗಿತ್ತು, ಇಂಥವೇ. ಹಳೆಯ ಕ್ಯಾಲೆಂಡರುಗಳನ್ನು ಎಸೆಯುವುದಿಲ್ಲ. ಈಗ ಬರೆಯುತ್ತಿರುವುದಕ್ಕೆ ಅವೇ ಆಧಾರ.

ನನ್ನ ತಮ್ಮ ಮುಂಬೈಯಿಂದ ವಾಪಸು ಬಂದದ್ದು ಅವುಗಳಲ್ಲಿ ಒಂದರೊಳಗಿದೆ. ಅಲ್ಲಿ ಹೋಟೆಲುಗಳಲ್ಲಿ, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ನಮ್ಮ ಮನೆಯ ಬದಿಯಲ್ಲಿ ಅಕ್ಕಿಮುಡಿ ಇಡುತ್ತಿದ್ದ ಕೋಣೆಯನ್ನು ಬಿಡಿಸಿಕೊಂಡು, ಗೋಡೆಗೆ ಮೊಟ್ಟೆಯ ಟ್ರೇ, ಹಳೆಯ ಕೌದಿ ಎಲ್ಲ ಹೊಡೆದು, ರೆಕಾರ್ಡಿಂಗ್ ರೂಮು ಮಾಡಿದ. ಭಜನೆ ಹಾಡು, ಮದುವೆ ವಿಡಿಯೋದ ಸಂಗೀತ, ಹಾಸ್ಯ ನಾಟಕಗಳಿಗೆ ಹಿನ್ನೆಲೆ, ಹೀಗೆ ಕೆಲಸ ನಡೆಯುತ್ತಿತ್ತು.

ಒಂದು ಸಂಜೆ ಬ್ರಹ್ಮಾವರದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ.

“ಅಕ್ಕ, ಅಲ್ಲಿಯ ನಾಟಕದವ್ರ್ ಹಂಚಿನ ಕಾರ್ಖಾನೆ ಹೆಂಗಸ್ರ್ ಮೇಲೆ ನಾಟಕ ಮಾಡ್ತ್ರಂಬ್ರ್. ಒಂದ್ ಸೀನಂಗೆ ಹತ್ ಜನ ಕೂಕಂಡ್ ಹಂಚ್ ತಟ್ಟುದ್. ಆ ಸದ್ದ್ ನಾ ಮಾಡಿ ಕೊಡ್ತೆ ಅಂದ್ ಬಂದೆ.”

“ಮಾಡಿ ಕೊಡುದಾ? ಆ ಸದ್ದ್ ಈಗ ಎಲ್ಲಿತ್ತ್ ಮಾರಾಯ?”

“ನಿನ್ ಕೆಮಿಯಂಗಿತ್ತಲೆ” ಎಂದು ನನ್ನ ಕಿವಿಯತ್ತ ಬೆರಳು ತೋರಿಸಿದ.

“ನನ್ ಕೆಮಿ ಎರಡ್ನೇ ನಂಬ್ರದ್ ಹಂಚ್. ಬೇಕಾರೆ ಚಿಕ್ಕಿಯತ್ರ ಕೇಣ್. ಆದ್ರೆ ಬೇಗ ಕೇಣ್” ಎಂದೆ.

ಬೇಗ ಎಂದದ್ದಕ್ಕೆ ಕಾರಣವಿತ್ತು. ಚಿಕ್ಕಿಯ ಎಡಗಿವಿ ಆಗಲೇ ಹೋಗಿತ್ತು. ಬಲಗಿವಿಯೂ ವರ್ಷದೊಳಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ‘ಕೆಮಿಯೊಳ್ಗೆ ಮೀನ್ ಹುರ್ದಂಗ್ ಆತ್ತ್’ ಎಂದು ಡಬ್ಬಿಯಲ್ಲೇ ಇಟ್ಟಿದ್ದರು. ತಮ್ಮನಿಗೆ ಇದು ಗೊತ್ತಾದ ಮೇಲೆ ಅವನ ಮುಖ ಬದಲಾಯಿತು. ನಮ್ಮ ಅಬ್ಬೆಯೂ ಅದೇ ಸಾಲಿನಲ್ಲಿ ಕೂತು ಹಂಚು ತಟ್ಟಿದವಳು. ಅವಳು ತೀರಿಕೊಂಡಾಗ ಅವನು ಮುಂಬೈಯಲ್ಲಿದ್ದ; ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು.  ಆ ದಿನದಿಂದ ಈ ಕೆಲಸ ನಾಟಕದ್ದಾಗಿ ಉಳಿಯಲಿಲ್ಲ. ಚಿಕ್ಕಿಯ ಕಿವಿ ಇರುವಾಗಲೇ ಚಿಕ್ಕಿಯಿಂದ ‘ಇದೇ ಸದ್ದು’ ಎನ್ನಿಸಿಕೊಳ್ಳಬೇಕು, ಅಷ್ಟೇ.

ಮೊದಲು ಅವನು ಎಲ್ಲರೂ ಮಾಡುವುದನ್ನೇ ಮಾಡಿದ. ಒಡೆಯುತ್ತಿದ್ದ ಹಳೆಯ ಮನೆಯೊಂದರಿಂದ ಹತ್ತು ಹಂಚು ತಂದು, ಮೈಕಿನ ಮುಂದೆ ಹಿಡಿದು ನನ್ನಿಂದ ತಟ್ಟಿಸಿದ. ಕಡಲಬದಿಯ ಕೋಡಿಯಲ್ಲಿದ್ದ ಮನೆಯಿಂದ ಚಿಕ್ಕಿಯನ್ನು ರಿಕ್ಷಾದಲ್ಲಿ ಕರೆತಂದೆವು. ಅವರು ಒಂದು ಹಂಚನ್ನು ತಾವೇ ಎತ್ತಿ, ಉಂಗುರದಿಂದ ತಟ್ಟಿ, ಬಲಗಿವಿಯ ಹತ್ತಿರ ತಂದು, ಕೆಳಗಿಟ್ಟರು.

“ಇದ್ ಮಳೆ ಕುಡ್ದ್ ಹಂಚ್ ಮಗಾ. ನಲ್ವತ್ ಮಳ್ಗಾಲ ಕುಡ್ದ್ ಹೊಟ್ಟೆ ತುಂಬಿತ್. ಇದ್ರತ್ರ ಎಂತ ಹಾಡ್ಸ್ತೆ ನೀನ್?”

ನಿಜ. ಭಟ್ಟಿಯಿಂದ ಆಗ ತಾನೇ ಬಂದ ಬಿಸಿ ಹಂಚಿನ ಸ್ವರ ಮಾಡಿನ ಮೇಲೆ ಕೂತ ಹಂಚಿಗೆ ಇರುವುದಿಲ್ಲ. ಬಿಸಿ ಹಂಚಂತೂ ಎಲ್ಲೂ ಇರಲಿಲ್ಲ.

ಆಗ ಅವನು ಕಂಪ್ಯೂಟರಿನಲ್ಲಿ ಪಿಯಾನೋ ತೆರೆದದ್ದು. ಹಂಚಿಗೂ ಪಿಯಾನೋಗೂ ಏನು ಸಂಬಂಧ ಎಂದು ನಾನು ಹುಣಸೆಹಣ್ಣು ಬಿಡಿಸುತ್ತ ಬಾಗಿಲಲ್ಲೇ ಕೂತಿದ್ದೆ. ಅವನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

“ಇದ್ರೊಳ್ಗೆ ಪಿಯಾನೋ ಇಲ್ಲ, ಕಾಣ್.”

“ಪಿಯಾನೋ ಇಲ್ದಿರೆ ಕೇಂತಿಪ್ಪುದ್ ಎಂತದಾ?”

“ಲೆಕ್ಕ.”

ಅವನು ಬಿಡಿಸಿ ಹೇಳಿದ. ಬೇರೆ ತಂತ್ರಾಂಶಗಳಲ್ಲಿ ಎಲ್ಲೋ ಒಂದು ನಿಜವಾದ ಪಿಯಾನೋದ ಒಂದೊಂದು ಮನೆಯನ್ನೂ, ಅಂದರೆ ಬೆರಳಿಡುವ ಬಿಳಿ ಕಪ್ಪು ಪಟ್ಟಿಯನ್ನೂ, ಒತ್ತಿ ರೆಕಾರ್ಡ್ ಮಾಡಿ ತುಂಬಿಸಿರುತ್ತಾರಂತೆ. ನಾವು ಒತ್ತಿದಾಗ ಆ ರೆಕಾರ್ಡೇ ಕೇಳುವುದು. ಇದರಲ್ಲಿ ರೆಕಾರ್ಡು ಒಂದೂ ಇಲ್ಲ. ಇಷ್ಟು ಉದ್ದದ ತಂತಿ, ಇಷ್ಟು ಬಿಗಿ, ಇಂಥ ಸುತ್ತಿಗೆ ಇಷ್ಟು ಜೋರಾಗಿ ಬಿತ್ತು, ಕೆಳಗೆ ಇಷ್ಟು ದಪ್ಪದ ಹಲಗೆ ಇದೆ, ಹಾಗಾದರೆ ತಂತಿ ಹೇಗೆ ನಡುಗೀತು ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿ ಸದ್ದು ಹುಟ್ಟಿಸುತ್ತದೆ. ಲೆಕ್ಕವಾದ್ದರಿಂದ ತಂತಿಯನ್ನು ಎಷ್ಟು ಬೇಕಾದರೂ ಎಳೆಯಬಹುದು, ಗಿಡ್ಡ ಮಾಡಬಹುದು, ಮುರಿಯುವ ಭಯವಿಲ್ಲ.

“ಈಗ ನಮ್ ಅಂಗ್ಳದಿಂದ ಬಾವಿಕಟ್ಟೆ ತನಕ ಉದ್ದ ಇಪ್ಪು ಪಿಯಾನೋ ಮಾಡ್ತೆ, ಕೇಣ್” ಎಂದು ಏನನ್ನೋ ಸರಿಸಿ ಒಂದು ಮನೆ ಒತ್ತಿದ. ಕೆಳಗಿನ ಸ್ವರ ಎಷ್ಟು ಆಳದಿಂದ ಬಂತೆಂದರೆ ನನ್ನ ಮಡಿಲಿನ ಹುಣಸೆಬೀಜ ಅಲುಗಿದಂತಾಯಿತು. ಆಮೇಲೆ ಸುತ್ತಿಗೆಯನ್ನು ಹತ್ತಿಯಷ್ಟು ಮೆತ್ತಗೆ ಮಾಡಿದ. ಖಾಲಿ ಕೊಡದ ಬಾಯಿಗೆ ಗಾಳಿ ಊದಿದ ಹಾಗೆ ಕೇಳಿತು. ತಂತಿಯನ್ನು ಗೇಣಿಗಿಂತ ಗಿಡ್ಡ ಮಾಡಿದ. ತಂತಿ ತಂತಿಯಾಗಿ ಉಳಿಯದೆ ಸರಳಿನ ಹಾಗೆ, ಗಂಟೆಯ ಹಾಗೆ ಆಯಿತು. ಲೋಕದಲ್ಲಿ ಯಾರ ಮನೆಯಲ್ಲೂ ಇಲ್ಲದ, ಯಾವ ಬಡಗಿಯೂ ಮಾಡಲಾರದ ಪಿಯಾನೋಗಳು ನಮ್ಮ ಅಕ್ಕಿಕೋಣೆಯಲ್ಲಿ ಒಂದರ ಹಿಂದೊಂದು ಬಂದು ಹೋದವು. ಆ ಮಧ್ಯಾಹ್ನ ಗಂಜಿ ಉಕ್ಕಿ ಒಲೆ ಆರಿದ್ದು ನನಗೆ ಗೊತ್ತೇ ಆಗಲಿಲ್ಲ. ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ: ‘ಗಂಜಿ ಹೋಯಿತು. ಅಂಗಳದುದ್ದದ ಪಿಯಾನೋ ಕೇಳಿದೆ.’

ತಮ್ಮ ಗಿಡ್ಡ ತಂತಿಯನ್ನು ಹಿಡಿದುಕೊಂಡ. ಗಿಡ್ಡ, ದಪ್ಪ, ಬಿಗಿ. ಸ್ವರ ಬೇಗ ಆರಿಹೋಗುವಂತೆ ಮಾಡಿದ. ನನಗೆ ಹಂಚಿನ ಹಾಗೇ ಕೇಳಿತು. ಚಿಕ್ಕಿಯನ್ನು ಕರೆಸಿ, ಸ್ಪೀಕರಿನ ಹತ್ತಿರ ಕುರ್ಚಿ ಹಾಕಿ, ಬಲಗಿವಿ ಅದರ ಕಡೆ ಬರುವಂತೆ ಕೂರಿಸಿದೆವು.

“ಇದ್ ಗಂಡ್ಸ್ ತಟ್ಟಿದ್ದ್” ಎಂದರು ಚಿಕ್ಕಿ.

“ಅಂದ್ರೆ?”

“ಕಬ್ಣ ಹಿಡ್ದ್ ತಟ್ಟಿದ್ದ್. ಮೇಸ್ತ್ರಿ ಹಾಂಗೆ ತಟ್ಟಿ ಹಂಚ್ ಒಡಿತಿದ್ದ. ಹೆಂಗ್ಸ್ರ್ ತಟ್ಟಿರೆ ಮೊದ್ಲ್ ಬೆರ್ಳ್ ಕೇಂಕ್, ಮತ್ತೆ ಹಂಚ್ ಕೇಂಕ್.”

ಮೊದಲು ಬೆರಳು ಕೇಳಬೇಕು, ಆಮೇಲೆ ಹಂಚು: ತಮ್ಮ ಎದ್ದು ನಿಂತುಬಿಟ್ಟ. ಇಪ್ಪತ್ತು ವರ್ಷ ಕೀಬೋರ್ಡ್ ನುಡಿಸಿದವನಿಗೆ ಸುತ್ತಿಗೆಯ ಮೆದು ಗಡಸಿನ ವಿಷಯವನ್ನು ಪಿಯಾನೋ ಕಣ್ಣಿನಿಂದಲೂ ನೋಡದ ಮುದುಕಿ ಹೀಗೆ ಹೇಳಬಹುದೆಂದು ಅವನು ಎಣಿಸಿರಲಿಲ್ಲ. ಸುತ್ತಿಗೆಯನ್ನು ಮೆದು ಮಾಡಿದ, ಆದರೆ ಜೋರಾಗಿ ಬಿದ್ದಾಗ ಮಾತ್ರ ತುಸು ಗಡಸಾಗುವಂತೆ ಇಟ್ಟ: ಒಳಗೆ ಬೆರಳು, ಮೇಲೆ ಉಂಗುರ. ಮರುವಾರ ‘ಇದ್ ಹಂಚಲ್ಲ, ಹಿತ್ತಾಳಿ ತಂಬ್ಗಿ’ ಎಂದರು. ಅವನು ಸ್ವರ ಉಳಿಯುವ ಹೊತ್ತನ್ನು ಅರ್ಧ ಇಳಿಸಿದ. ಅದರ ಮುಂದಿನ ವಾರ ‘ಎಲ್ಲ ಒಂದೇ ಹಂಚನ್ನೇ ತಟ್ತಾ ಕೂಕಂಡಂಗಿತ್ತ್’ ಎಂದರು. ಅವನು ಒಂದೊಂದು ಮನೆಯ ತಂತಿಗೂ ಒಂದೊಂದು ಉದ್ದ ಕೊಡುತ್ತ ಮೂರು ದಿನ ಕೂತ. ನಾನು ಚಹಾ ತಂದಿಡುವುದು, ತಣ್ಣಗಾದದ್ದನ್ನು ಒಯ್ಯುವುದು. ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂದೇ ತಿಳಿಯದ ಹಾಗೆ ನಡೆದಿತ್ತು ಅವರಿಬ್ಬರ ಪಾಠ. ಅಷ್ಟು ತಾಳ್ಮೆ ನನ್ನ ತಮ್ಮನಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಮೀನಿನ ಮುಳ್ಳು ಬಿಡಿಸುವ ತಾಳ್ಮೆ ಇಲ್ಲದೆ ಬೂತಾಯಿ ಬೇಡವೆನ್ನುವವನು ಅವನು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಚಿಕ್ಕಿ ತಲೆಯಾಡಿಸಿ, “ಲಾಯ್ಕ್ ಇತ್ತ್ ಮಗಾ” ಎಂದರು.

ತಮ್ಮ ಚಪ್ಪಾಳೆ ಹೊಡೆದ. ನನಗೆ ಏಕೋ ಸಮಾಧಾನವಾಗಲಿಲ್ಲ. ಚಿಕ್ಕಿ ಸುಲಭದಲ್ಲಿ ಯಾವುದನ್ನೂ ಒಂದನೇ ನಂಬರಿಗೆ ಹಾಕಿದವರಲ್ಲ. ಅವರ ಕಣ್ಣು ಸ್ಪೀಕರಿನ ಮೇಲಿರಲಿಲ್ಲ, ತಮ್ಮನ ಮುಖದ ಮೇಲಿತ್ತು. ನಾನು ಅವನಿಗೆ ಮೆಲ್ಲಗೆ ಸನ್ನೆ ಮಾಡಿ ಸ್ಪೀಕರ್ ಬಂದ್ ಮಾಡಿಸಿದೆ. ಸದ್ದಿಲ್ಲದ ಮನೆಗಳನ್ನು ಅವನು ಒತ್ತುತ್ತ ಹೋದ. ಹೊರಗಿನ ಮಳೆ, ಅವನ ಉಗುರಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

“ಇದಂತೂ ಮತ್ತೂ ಲಾಯ್ಕ್ ಇತ್ತ್” ಎಂದರು ಚಿಕ್ಕಿ, ನಗುತ್ತ.

ತಮ್ಮ ಮೆಲ್ಲಗೆ ಮನೆಗಳ ಮೇಲಿನಿಂದ ಕೈ ತೆಗೆದ. ಒಬ್ಬ ಹುಡುಗ ಇಷ್ಟು ಕಷ್ಟಪಡುತ್ತಿದ್ದಾನಲ್ಲ ಎಂದು ಅವರು ಅವನ ಮುಖ ನೋಡಿ ತೀರ್ಪು ಕೊಡುತ್ತಿದ್ದರು. ಹೊರಗೆ ಮಳೆ ಜೋರಾಗಿದ್ದು ಒಳ್ಳೆಯದಾಯಿತು, ಅದನ್ನು ನೋಡುವ ನೆಪದಲ್ಲಿ ನಾನು ಬಾಗಿಲಿಗೆ ಹೋದೆ.

ಸ್ಪೀಕರು ಸಾಲದಿದ್ದರೆ ಹೆಡ್‌ಫೋನಿದೆಯಲ್ಲ ಎಂದು ತಮ್ಮ ಮರುದಿನ ತಾನೇ ಕೋಡಿಗೆ ಹೋದ. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನಾನೂ ಜೊತೆಗೆ ಹೋದೆ. ಒಣಮೀನಿನ ಬುಟ್ಟಿಗಳ ನಡುವೆ ಜಗಲಿಯಲ್ಲಿ ಕೂತಿದ್ದ ಚಿಕ್ಕಿ ಮೊದಲು ಒಪ್ಪಲಿಲ್ಲ.

“ಈ ಟೊಪ್ಪಿ ಹಾಯ್ಕಂಡ್ ನಾ ವಿಮಾನ ಬಿಡುಕಾ?”

“ಒಂದೇ ಸಲ, ಚಿಕ್ಕಿ” ಎಂದು ನಾನೇ ಬಲಗಿವಿಗೆ ಒತ್ತಿ ಹಿಡಿದೆ. ತಮ್ಮ ಸದ್ದು ಏರಿಸುತ್ತ ಹೋದ. ಒಮ್ಮೆಲೇ ಚಿಕ್ಕಿಯ ಬೆನ್ನು ನೆಟ್ಟಗಾಯಿತು. ಮಣೆಯ ಮೇಲೆ ಕೂರುತ್ತಿದ್ದ ಹಾಗೇ ಕಾಲು ಮಡಚಿಕೊಂಡರು. ಬಹಳ ಹೊತ್ತು ಕೇಳಿದರು. ನಂತರ ಹೆಡ್‌ಫೋನನ್ನು ತಾವೇ ತೆಗೆದು ತಮ್ಮನ ಮಡಿಲಿಗೆ ಹಾಕಿದರು.

“ಹಂಚೇನೋ ಹಂಚೇ. ಆದ್ರೆ ಇದ್ ಯಾವ್ ಊರಿನ್ ಭಟ್ಟಿಯಾ? ಇಷ್ಟ್ ಹೊತ್ ತಟ್ಟಿರೂ ಒಂದ್ ಒಡ್ಕ್ ಇಲ್ಯಲೆ! ಒಡ್ಕ್ ಇಲ್ದಿರೆ ನಾವ್ ಕೂಕಂಡದ್ ಎಂತಕೆ? ಸಂಬ್ಳ ಸುಮ್ನೆ ಕೊಡ್ತಿದ್ರಾ?”

ನಾನು ನಾಲಿಗೆ ಕಚ್ಚಿಕೊಂಡೆ. ಅಷ್ಟು ವರ್ಷ ಆ ಸಾಲಿನಲ್ಲಿ ಕೂತವಳು ನಾನು. ನನಗೇ ಅದು ನೆನಪಾಗಿರಲಿಲ್ಲ. ಒಡಕನ್ನು ತೆಗೆದು ಎಸೆಯುವುದೇ ನಮ್ಮ ಕೆಲಸವಾಗಿತ್ತಲ್ಲ, ತಮ್ಮನಿಗೆ ಹೇಳುವಾಗಲೂ ಎಸೆದೇ ಹೇಳಿದ್ದೆ. ಅವನೋ ಸಂಗೀತದವನು, ಅಪಸ್ವರ ಕೇಳಿದರೆ ಒರೆಸಿ ಹಾಕುವವನು. ಇಬ್ಬರೂ ಸೇರಿ ಕಾರ್ಖಾನೆಯನ್ನು ಗುಡಿಸಿ ಇಟ್ಟುಬಿಟ್ಟಿದ್ದೆವು.

ಒಡಕು ಹಂಚು ಮಾಡುವುದು ಗಟ್ಟಿ ಹಂಚಿಗಿಂತ ಕಷ್ಟದ್ದೆಂದು ಆಗ ಗೊತ್ತಾಯಿತು. ಪಿಯಾನೋದಲ್ಲಿ ಒಂದು ಸ್ವರಕ್ಕೆ ಮೂರು ತಂತಿ ಇರುತ್ತವಂತೆ, ಮೂರೂ ಒಂದೇ ಶ್ರುತಿಗೆ ಕೂಡಿರಬೇಕು. ತಮ್ಮ ಅವುಗಳೊಳಗೆ ಜಗಳ ಹಚ್ಚಿದ. ಮೂರನ್ನೂ ಕೂದಲೆಳೆಯಷ್ಟು ಬೇರೆ ಬೇರೆ ಮಾಡಿದ. ಅದು ಹಳೆಯ ಹಾರ್ಮೋನಿಯಂ ತರಹ ಅತ್ತಿತು. ಸುತ್ತಿಗೆ ಬೀಳುವ ಜಾಗವನ್ನು ತಂತಿಯ ನಟ್ಟನಡುವೆ ತಂದ, ಟೊಳ್ಳಾಯಿತು. ಹಲಗೆ ಸ್ವರವನ್ನು ನುಂಗುವಂತೆ ಮಾಡಿದ, ಮರ ತಟ್ಟಿದಂತಾಯಿತು. ನಾಲ್ಕು ದಿನ ಅವನು ಚಂದದ ಸ್ವರವನ್ನು ಹೇಗೆ ಕೆಡಿಸುವುದೆಂದು ತಲೆ ಕೆಡಿಸಿಕೊಂಡ. ಕೊನೆಗೆ ಈ ಮೂರು ಉಪಾಯಗಳನ್ನೂ ಸ್ವಲ್ಪ ಸ್ವಲ್ಪ ಸೇರಿಸಿ ಒತ್ತಿದಾಗ, ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ನನ್ನ ಎಡಗೈ ತುರಿಮಣೆಯಿಂದ ಎದ್ದು ಪಕ್ಕಕ್ಕೆ ಹೋಯಿತು. ಹಂಚು ಇರಲಿಲ್ಲ, ಅರ್ಧ ಕಾಯಿ ಇತ್ತು. ಅದು ಗೋಡೆಗೆ ಹೋಗಿ ಬಡಿಯಿತು.

“ಎಂತ ಆಯ್ತೆ ಅಕ್ಕಾ?” ಎಂದು ಓಡಿಬಂದ.

“ಅದನ್ನೇ ಇಡ್. ಮುಟ್ಬೇಡ” ಎಂದೆ. ಆಮೇಲೆ ಇನ್ನೊಂದು ಮಾತು ಹೇಳಿದೆ. “ಚಿಕ್ಕಿಗೆ ಕೇಳ್ಸುವಾಗ ಲಾಯ್ಕಿತ್ತಾ ಅಂದ್ ಕೇಣ್ಬೇಡ. ಅವ್ರ್ ಬಾಯ್ ನಿನ್ನತ್ರ ಪ್ರೀತಿಗ್ ಸುಳ್ಳ್ ಹೇಳ್ತ್. ಕೈ ಹೇಳುದಿಲ್ಲ.”

ಆದರೆ ಕೇಳಿಸುವುದಾದರೂ ಹೇಗೆ? ಆ ವಾರವೇ ಚಿಕ್ಕಿಯ ಬಲಗಿವಿ ಸೋರತೊಡಗಿತು. ಡಾಕ್ಟರು ಹತ್ತಿ ಇಟ್ಟು, ಕಿವಿಗೆ ಏನನ್ನೂ ಹಾಕಬಾರದು ಎಂದರು. ವಾಸಿಯಾಗುವಾಗ ನಾಟಕದ ದಿನ ಬಂದೇಬಿಟ್ಟಿತ್ತು. ಹತ್ತಿ ತೆಗೆದ ಮೇಲೆ ಮೊದಲಿಗಿಂತಲೂ ಜೋರಾಗಿ ಮಾತಾಡಬೇಕಾಗುತ್ತಿತ್ತು. ಇನ್ನು ಉಳಿದದ್ದು ನಾಟಕದ ದೊಡ್ಡ ಸ್ಪೀಕರುಗಳು ಮಾತ್ರ.

ಮೊದಲ ಪ್ರದರ್ಶನ ಬೈಂದೂರಿನ ಒಂದು ಸಭಾಭವನದಲ್ಲಿ, ಭಾನುವಾರ ಮಧ್ಯಾಹ್ನ. ತಮ್ಮ ಬೆಳಿಗ್ಗೆಯೇ ಹೋಗಿದ್ದ. ನಾನು ಚಿಕ್ಕಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವರು ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟಿದ್ದರು, ಉಂಗುರವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಬಲಬದಿಯ ಸ್ಪೀಕರಿಗೆ ಹತ್ತಿರ, ಮುಂದಿನಿಂದ ಎರಡನೆಯ ಸಾಲು ತಮ್ಮ ಗೊತ್ತು ಮಾಡಿಟ್ಟಿದ್ದ. ನಾನು ಅವರ ಬಲಕ್ಕೆ ಕೂತೆ. ಎಡಕ್ಕೆ ಬಿಳಿ ಪಂಚೆ ಉಟ್ಟ, ದಪ್ಪ ಶರೀರದ ಮಾಸ್ಟ್ರೊಬ್ಬರು ನೆಲಗಡಲೆಯ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದರು.

ತಟ್ಟುವ ಸದ್ದಿನಲ್ಲಿ ಮೂರು ಕಡೆ ಒಡಕು ಇಟ್ಟಿದ್ದೇನೆ ಎಂದಷ್ಟೇ ತಮ್ಮ ನನಗೆ ಹೇಳಿದ್ದ, ಎಲ್ಲಿ ಎಂದು ಹೇಳಿರಲಿಲ್ಲ. ಪರದೆ ಎದ್ದಿತು. ಬಣ್ಣ ಬಳಿದ ಥರ್ಮಾಕೋಲಿನ ಹಂಚುಗಳು, ಸಾಲಾಗಿ ಕೂತ ಹುಡುಗಿಯರು. ಅವರಲ್ಲಿ ಒಬ್ಬಳಿಗೂ ಹಂಚು ಹಿಡಿಯಲು ಬರುತ್ತಿರಲಿಲ್ಲ. ಸದ್ದು ಶುರುವಾಯಿತು: ಟಣ್, ಟಣ್, ಆಚೆಯಿಂದ ಒಂದು, ಈಚೆಯಿಂದ ಎರಡು, ಬೆರಳು ಮೊದಲು, ಹಂಚು ಆಮೇಲೆ. ನನಗೆ ಮೂಗಿಗೆ ಬಿಸಿ ಮಣ್ಣಿನ ವಾಸನೆ ಬಂದ ಹಾಗಾಯಿತು. ಚಿಕ್ಕಿಯ ಮುಖ ನೋಡಿದೆ. ಏನೂ ಇರಲಿಲ್ಲ. ಅವರು ವೇದಿಕೆ ನೋಡುತ್ತಿದ್ದರು, ಅಷ್ಟೇ. ಹಿಂದೆ ಸದ್ದು ಹೊಂದಿಸುವ ಮಿಕ್ಸರಿನ ಹತ್ತಿರ ಕೂತ ತಮ್ಮ ವೇದಿಕೆಯ ಬದಲು ನಮ್ಮ ಸಾಲನ್ನೇ ನೋಡುತ್ತಿದ್ದಾನೆಂದು ತಿರುಗದೆಯೇ ನನಗೆ ಗೊತ್ತಿತ್ತು.

ಟಣ್, ಟಣ್, ಟಣ್, ಡಸ್.

ಚಿಕ್ಕಿಯ ಎಡಗೈ ಮಡಿಲಿನಿಂದ ಎದ್ದು, ಬೀಸಿ, ಎಡಕ್ಕೆ ಹೋಯಿತು. ಮಾಸ್ಟ್ರ ಪೊಟ್ಟಣ ಹಾರಿ ನೆಲಗಡಲೆ ಮುಂದಿನ ಸಾಲಿನವರ ತಲೆಯ ಮೇಲೆಲ್ಲ ಬಿತ್ತು.

“ಹ್ವಾಯ್! ಎಂತ ಆಯ್ತ್ ಅಮ್ಮಾ ನಿಮ್ಗೆ?” ಎಂದು ಮಾಸ್ಟ್ರು ಅರ್ಧ ಎದ್ದರು.

ಚಿಕ್ಕಿ ತಿರುಗಿ ನೋಡಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರು ಎಂದೂ ತಿರುಗಿ ನೋಡಿದವರಲ್ಲ.

“ಒಡ್ಕ್ ಬಂತ್” ಎಂದರು.

ಹಿಂದೆ ಮಿಕ್ಸರಿನ ಕಡೆಯಿಂದ ಒಂದು ಕುರ್ಚಿ ಬಿದ್ದ ಸದ್ದಾಯಿತು. ಅಲ್ಲಿ ತಮ್ಮನದು ಬಿಟ್ಟು ಬೇರೆ ಯಾರ ಕುರ್ಚಿಯೂ ಇರಲಿಲ್ಲ. ನಾನು ಆ ಕಡೆ ನೋಡಲಿಲ್ಲ, ನನ್ನ ಕಣ್ಣಿಗೆ ಆಗ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಎರಡನೆಯ ಒಡಕು ಬರುವಷ್ಟರಲ್ಲಿ ಮಾಸ್ಟ್ರು ಉಳಿದ ನೆಲಗಡಲೆಯನ್ನು ಆಚೆಯ ಕೈಗೆ ಬದಲಿಸಿಕೊಂಡು, ಚಿಕ್ಕಿಗೆ ಕೈ ಬೀಸಲು ಜಾಗ ಬಿಟ್ಟು ಕೂತಿದ್ದರು.